ಎರಡು ತೊಲೆ, ಒಂದು ಊಟದ ಮೇಜು: ಹಳೆ ಮನೆಯ ಮರದ ಒಂದು ಪ್ರಕರಣ

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಳೇ ಹಂಚಿನ ಮನೆ. ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ, ತೋಟ ನೋಡಿಕೊಳ್ಳುವ ದೊಡ್ಡ ಮಗ, ಸೊಸೆ. ಚಿಕ್ಕ ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟುವುದು ಅಂತ ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಹಳೆ ಮನೆ ಕೀಳುವ ಗುತ್ತಿಗೆಯವನು ಬಂದು ನೋಡಿ, "ಕೀಳೋ ಕೂಲಿ ನೀವೇನೂ ಕೊಡೋದು ಬೇಡ. ಮರಮಟ್ಟು, ಹಂಚು ನನಗೆ ಬಿಡಿ, ಮೇಲಿಂದ ನಾನೇ ದುಡ್ಡು ಕೊಡ್ತೀನಿ" ಅಂದಿದ್ದ. ಇಂಥ ಮಾತು ಕೇಳಿದರೆ ಒಂದು ಅರ್ಥ ಮಾಡಿಕೊಳ್ಳಬೇಕು. ಕೂಲಿಯನ್ನೂ ಬಿಟ್ಟು ಮೇಲೆ ದುಡ್ಡು ಕೊಡುತ್ತಾನೆ ಅಂದರೆ ಆ ಮರ ಎಷ್ಟು ಬೆಲೆಯದ್ದು ಅಂತ ಅವನಿಗೆ ಚೆನ್ನಾಗಿ ಗೊತ್ತಿದೆ.

ಅಮ್ಮ ಒಪ್ಪಲಿಲ್ಲ. ಮರ ಮನೆಯಲ್ಲೇ ಇರಬೇಕು ಅಂದರು. ಹಾಗಾಗಿ ದೊಡ್ಡ ಮಗ ನಮ್ಮ ಮರಗೆಲಸದ ವರ್ಕ್‌ಶಾಪಿಗೆ ಬಂದರು, ಕೈಯಲ್ಲಿ ಒಂದು ಪಟ್ಟಿ. ಎಂಟು ಜನ ಕೂರುವ ಊಟದ ಮೇಜು, ಎರಡು ಮಂಚ, ಎರಡು ವಾರ್ಡ್‌ರೋಬ್, ಟಿವಿ ಯೂನಿಟ್, ಜಗಲಿಗೆ ಬೆಂಚು, ಒಂದು ಉಯ್ಯಾಲೆ. ಮೊಬೈಲ್‌ನಲ್ಲಿ ಒಂದೊಂದಕ್ಕೂ ಫೋಟೋ. ಎಲ್ಲ ತೋರಿಸಿ ಕೊನೆಗೆ ಕೇಳಿದರು: "ಮರ ನಮ್ಮದೇ ಇದೆ. ಕೂಲಿ ಮಾತ್ರ ಆಗತ್ತೆ, ಅಲ್ವಾ?"

ಹಳೆ ಮರದ ಕೆಲಸಕ್ಕೆ ಬರುವವರು ಹತ್ತಕ್ಕೆ ಒಂಬತ್ತು ಜನ ಕೇಳುವ ಪ್ರಶ್ನೆ ಇದು. ಉತ್ತರ ಹೌದು. ಆದರೆ ಆ "ಮಾತ್ರ" ಅನ್ನುವುದು ತುಂಬಾ ದೊಡ್ಡದು. ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಹಳೆ ಮರದಲ್ಲಿ ಗರಗಸದ ಪ್ರತಿ ಕೊಯ್ತಕ್ಕೂ ಹೊಸ ಮರಕ್ಕಿಂತ ಜಾಸ್ತಿ ಖರ್ಚು ಬೀಳುತ್ತದೆ. ಕೊಯ್ತ ಕಡಿಮೆ ಆದಷ್ಟೂ ಲೆಕ್ಕ ಹೊಂದುತ್ತದೆ. ಹಾಗಾಗಿ ಫೋಟೋ ಹಿಡಿದುಕೊಂಡು ಮರ ಹುಡುಕುವುದಲ್ಲ, ಮರ ಅಳೆದು ಅದರಲ್ಲಿ ಏನು ಬರುತ್ತದೆ ಅಂತ ನೋಡಬೇಕು.

ಮನೆ ನಿಂತಿರುವಾಗಲೇ ಎಣಿಕೆ

ಮನೆ ಬಿಚ್ಚಿ ರಾಶಿ ಹಾಕಿದ ಮೇಲೆ ನೋಡಿದರೆ ಎಲ್ಲ ಒಂದೇ ಬಣ್ಣದ ಮಸಿ ಹಿಡಿದ ಮರ. ಯಾವುದು ಎಲ್ಲಿತ್ತು ಅನ್ನುವುದೇ ಅರ್ಧ ಮಾಹಿತಿ. ಹಾಗಾಗಿ ನಮ್ಮ ಬಡಗಿ ಆಚಾರ್ರನ್ನು ಕರೆದುಕೊಂಡು ಹೋಗಿ, ಸೀಮೆಸುಣ್ಣದಲ್ಲಿ ಪ್ರತಿ ತುಂಡಿಗೂ ನಂಬರ್ ಹಾಕಿ, ಫೋಟೋ ತೆಗೆದೆವು. ಕಾಣದ ಮೂಲೆಯಲ್ಲಿ ಉಳಿಯಿಂದ ಚೂರು ಚಕ್ಕೆ ಎಬ್ಬಿಸಿ ಯಾವ ಮರ ಅಂತ ನೋಡಿದೆವು.

ಪಡಸಾಲೆಯ ನಾಲ್ಕು ತೊಲೆ ಹಲಸು. ಒಂದೊಂದೂ ಹನ್ನೆರಡು ಅಡಿ ಉದ್ದ, ಎಂಟು ಇಂಚು ಎತ್ತರ, ಆರು ಇಂಚು ದಪ್ಪ. ಅಡುಗೆಮನೆ ಕಡೆಯ ತೊಲೆಗಳು ಮತ್ತಿ ಮರ. ತೊಲೆಗಳ ಮೇಲೆ ಅಡ್ಡಕ್ಕೆ ಕೂತ ಅಟ್ಟದ ಜಂತೆ ಕೆಲವು ಮತ್ತಿ, ಕೆಲವು ನಂದಿ ಮರ. ಅಟ್ಟಕ್ಕೆ ಹಾಸಿದ ಹಲಗೆ ಹಲಸು, ನಡುನಡುವೆ ಹೆಬ್ಬಲಸು. ಮಾಡಿನ ಇಳಿಜಾರಿಗೆ ಹಾಕಿದ ಪಕಾಸಿ ಎಲ್ಲ ನಂದಿ. ಹಂಚು ಕೂರುವ ತೆಳು ಪಟ್ಟಿ, ಅಂದರೆ ರೀಪಿನ ಜಾಗದಲ್ಲಿ ಅಡಿಕೆ ದಬ್ಬೆ. ಮುಂಬಾಗಿಲ ಕದ ಸಾಗುವಾನಿ, ದಾರಂದ ಮತ್ತು ಹೊಸ್ತಿಲು ಹಲಸು. ಪಡಸಾಲೆಯ ಎರಡು ಕಂಬ ಮಾತ್ರ ಬೀಟೆ. ಬಣ್ಣ ಬಳಿದು ಬಳಿದು ಅದು ಬೀಟೆ ಅಂತ ಮನೆಯವರಿಗೇ ಮರೆತುಹೋಗಿತ್ತು.

ಮರದ ತೇವ ಅಳೆಯುವ ಮೀಟರ್ ಹಿಡಿದರೆ ಏಪ್ರಿಲ್‌ನಲ್ಲಿ ಹನ್ನೆರಡು ಹದಿಮೂರು ಶೇಕಡಾ ತೋರಿಸಿತು. ಇದು ಹಳೆ ಮರದ ದೊಡ್ಡ ಗುಣ. ಹೊಸದಾಗಿ ಕೊಯ್ದ ಮರವನ್ನು ಒಣಗಿಸಲು ಕಾಯಬೇಕು, ಇದು ಯಾವತ್ತೋ ಒಣಗಿ ಕೂತಿದೆ. ಬಗ್ಗುವುದಿದ್ದರೆ ಬಗ್ಗಿಯಾಗಿದೆ, ಸೀಳುವುದಿದ್ದರೆ ಸೀಳಿಯಾಗಿದೆ. ಇನ್ನು ಅಡುಗೆಮನೆ ಮೇಲಿನ ಅಟ್ಟ. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು, ಇಲ್ಲಣ ಕಟ್ಟಿ, ಮುಟ್ಟಿದರೆ ಕೈ ಕಪ್ಪಾಗುತ್ತಿತ್ತು. ಆದರೆ ಅಲ್ಲಿ ಒಂದು ಹುಳದ ತೂತೂ ಇರಲಿಲ್ಲ. ದೇವರ ಕೋಣೆ ಮೇಲಿನ ಜಂತೆಗಳಲ್ಲಿ ಇತ್ತು.

ಹುಳದ ವಿಷಯದಲ್ಲಿ ತೂತು ಕಂಡ ಕೂಡಲೇ ಮರ ಬಿಸಾಡಬೇಕಾಗಿಲ್ಲ. ತೂತು ಹಳೆಯದಾ, ಹುಳ ಇನ್ನೂ ಒಳಗಿದೆಯಾ ಅನ್ನುವುದು ಮುಖ್ಯ. ತಟ್ಟಿದಾಗ ಉದುರುವ ಪುಡಿ ಹೊಸದಾಗಿದ್ದರೆ ಬೆಳ್ಳಗೆ ಹಿಟ್ಟಿನ ಹಾಗಿರುತ್ತದೆ. ಅನುಮಾನ ಇದ್ದ ತುಂಡುಗಳನ್ನು ಪೇಪರ್ ಹಾಸಿ ಅದರ ಮೇಲೆ ಬೇರೆ ಇಟ್ಟೆವು. ಕೆಲವು ವಾರ ಬಿಟ್ಟು ನೋಡಿದಾಗ ಎರಡು ಜಂತೆಯ ಕೆಳಗೆ ಹೊಸ ಪುಡಿ ಬಿದ್ದಿತ್ತು. ಅವೆರಡೂ ಬಚ್ಚಲ ಒಲೆಗೆ ಹೋದವು. ಉಳಿದವುಗಳ ಹೊರಗಿನ ಬಿಳಿ ಭಾಗ ಕೆತ್ತಿ ತೆಗೆದು, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಿನಲ್ಲಿ ಕರಗಿಸಿ ಬಳಿದೆವು. ಹುಳ ಹೆಚ್ಚಾಗಿ ತಿನ್ನುವುದು ಈ ಬಿಳಿ ಭಾಗವನ್ನೇ. ಒಳಗಿನ ಚೇಗಿಗೆ ಅಷ್ಟು ಸುಲಭಕ್ಕೆ ಬಾಯಿ ಹಾಕುವುದಿಲ್ಲ.

ಮನೆ ಎಷ್ಟು ಹಳೆಯದು ಅಂತ ಕೇಳಿದ್ದಕ್ಕೆ ದೊಡ್ಡ ಮಗ ಹಂಚು ತೋರಿಸಿದರು. ಬಾಸೆಲ್ ಮಿಷನ್ ಹೆಸರು, 1865 ಅಂತ ಅಚ್ಚು. "ನೂರೈವತ್ತು ವರ್ಷ ಆಗಿದೆ ನೋಡಿ" ಅಂದರು. ಆ ಇಸವಿ ಹಂಚಿನ ಕಾರ್ಖಾನೆ ಶುರುವಾದದ್ದು, ಹಂಚಿನದ್ದಲ್ಲ. ಆಮೇಲೆ ದಶಕಗಟ್ಟಲೆ ಅದೇ ಅಚ್ಚಿನಲ್ಲಿ ಹಂಚು ಬರುತ್ತಿತ್ತು. ಹಂಚು ನೋಡಿ ಮನೆಯ ವಯಸ್ಸು ಹೇಳುವವರನ್ನು, ಅದೇ ಹಂಚು ತೋರಿಸಿ ಮರಕ್ಕೆ ರೇಟು ಏರಿಸುವ ವ್ಯಾಪಾರಿಗಳನ್ನು ನಂಬಬೇಡಿ.

ತೊಲೆಯಲ್ಲೊಂದು ಲೆಕ್ಕಕ್ಕೆ ಸಿಗದ ತೂತು

ನಿಜವಾದ ವಯಸ್ಸಿನ ಸುಳಿವು ಸಿಕ್ಕಿದ್ದು ತೊಲೆಯಲ್ಲಿ. ಮೂರನೇ ನಂಬರ್ ತೊಲೆಯ ಬದಿಯಲ್ಲಿ, ಒಂದು ತುದಿಯಿಂದ ಹೆಚ್ಚುಕಡಿಮೆ ಐದಡಿ ದೂರಕ್ಕೆ, ನಾಲ್ಕಿಂಚು ಉದ್ದ ಎರಡಿಂಚು ಅಗಲದ ಚೌಕ ತೂತು. ಎರಡೂವರೆ ಇಂಚು ಆಳ. ಉಳಿಯಿಂದ ಹೊಡೆದ ಕೆಲಸ, ನಾಲ್ಕು ಮೂಲೆಯೂ ಖಚಿತ. ಆದರೆ ಆ ಮನೆಯಲ್ಲಿ ಅದಕ್ಕೆ ಏನೂ ಸೇರುತ್ತಿರಲಿಲ್ಲ. ಜಂತೆಗಳೆಲ್ಲ ತೊಲೆಯ ಮೇಲೆ ಕೂತಿದ್ದವು. ಪಕ್ಕದಿಂದ ಯಾವುದೂ ಬಂದು ಸೇರುತ್ತಿರಲಿಲ್ಲ. ಆಚಾರ್ರು ಬೆರಳು ಹಾಕಿ ನೋಡಿ, "ಇದು ಈ ಮನೆಯ ತೊಲೆ ಅಲ್ಲ" ಅಂದರು.

ಅಮ್ಮನನ್ನು ಕೇಳಿದೆವು. ಅವರು ಮದುವೆಯಾಗಿ ಹೋಗಿದ್ದು ಶರಾವತಿ ಕಣಿವೆಯ ಊರಿಗೆ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಶುರುವಾದ ಮೇಲೆ ಊರು ಬಿಡಬೇಕಾಯಿತು. ಮಾವನವರು ಮನೆ ಬಿಚ್ಚಿಸಿ, ತೊಲೆ, ಕಂಬ, ಬಾಗಿಲು ಎಲ್ಲ ಗಾಡಿಯಲ್ಲೂ ಲಾರಿಯಲ್ಲೂ ತಂದು ಇಲ್ಲಿ ಮತ್ತೆ ನಿಲ್ಲಿಸಿದರಂತೆ. ಮುಳುಗಡೆ ಸೀಮೆಯಲ್ಲಿ ಇದು ಒಂದು ಮನೆಯ ಕತೆ ಅಲ್ಲ. ಆಣೆಕಟ್ಟು 1964ರಲ್ಲಿ ಮುಗಿಯುವ ಹೊತ್ತಿಗೆ ಎಷ್ಟೋ ಕುಟುಂಬಗಳು ಹಾಗೇ ಮನೆಯನ್ನೇ ಬಿಚ್ಚಿ ಹೊತ್ತುಕೊಂಡು ಬಂದಿದ್ದವು. 1948ರಲ್ಲಿ ಮುಗಿದಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಡಿಗೆ ಹೋಯಿತು, ಇನ್ನು ಮನೆಗಳ ಮಾತೇನು.

ಅಂದರೆ ನಾವು ಈಗ ಮಾಡಹೊರಟಿದ್ದು ಈ ಮರದ ಎರಡನೇ ಬಳಕೆ ಅಲ್ಲ, ಮೂರನೆಯದು. ಹಳೆ ಮರದಲ್ಲಿ ಪೀಠೋಪಕರಣ ಮಾಡುವುದು ಈಗಿನ ಫ್ಯಾಷನ್ ಅಂತ ಬೆಂಗಳೂರಿನ ಶೋರೂಮುಗಳು ಹೇಳುತ್ತವೆ. ನಮ್ಮ ಕಡೆ ಅದಕ್ಕೆ ಯಾವ ಹೆಸರೂ ಇರಲಿಲ್ಲ. ಮರ ಚೆನ್ನಾಗಿದ್ದರೆ ಇನ್ನೊಂದಕ್ಕೆ ಬಳಸುತ್ತಿದ್ದರು, ಅಷ್ಟೇ.

ಕೀಳುವುದಲ್ಲ, ಬಿಚ್ಚುವುದು

ಗುತ್ತಿಗೆಯವರು ಕೀಳುವ ರೀತಿಗೂ ನಮಗೆ ಬೇಕಾದ ರೀತಿಗೂ ವ್ಯತ್ಯಾಸ ಇದೆ. ಅವರು ಹಾರೆ ಹಾಕಿ ಎಬ್ಬಿಸುತ್ತಾರೆ, ಮೇಲಿಂದ ಬೀಳಿಸುತ್ತಾರೆ. ಮತ್ತಿ ತೊಲೆ ಒಂದು ಅಡಿ ಘನಕ್ಕೆ ಇಪ್ಪತ್ತು ಕಿಲೋ ಮೇಲೇ ತೂಗುತ್ತದೆ. ಅದು ತುದಿಯ ಮೇಲೆ ಬಿದ್ದರೆ ಒಳಗೆ ಸೀಳು ಬಿಡುತ್ತದೆ. ಆ ಸೀಳು ಹೊರಗೆ ಕಾಣುವುದು ಸಾಮಿಲ್‌ನಲ್ಲಿ ಕೊಯ್ದ ಮೇಲೆ. ನಾವು ಹಗ್ಗ ಕಟ್ಟಿ, ಬೆಣೆ ಬಿಚ್ಚಿ, ಮರದ ಮೊಳೆಗಳನ್ನು ಹಿಂದಿನಿಂದ ತಟ್ಟಿ ಹೊರಗೆ ತೆಗೆದು ಇಳಿಸಿದೆವು. ಕಂಬ ತೊಲೆ ಸೇರುವಲ್ಲಿ ಕಬ್ಬಿಣವೇ ಇರಲಿಲ್ಲ, ಹಾಗಾಗಿ ಇದು ಅಂದುಕೊಂಡದ್ದಕ್ಕಿಂತ ಸಲೀಸಾಗಿ ಆಯಿತು. ಕಷ್ಟ ಕೊಟ್ಟಿದ್ದು ಗೋಡೆಯೊಳಗೆ ಹೂತಿದ್ದ ತುದಿಗಳು. ಮಣ್ಣಿನ ಗೋಡೆಗೆ ಮಳೆ ನೀರು ಇಳಿದ ಜಾಗದಲ್ಲೆಲ್ಲ ತುದಿ ಕೊಳೆತು ಲಡ್ಡಾಗಿತ್ತು.

ಕಾಗದದ ಕೆಲಸವೂ ಇದೆ. ಹಳೇದೋ ಹೊಸದೋ, ಮರದ ತುಂಡು ರಸ್ತೆಗೆ ಇಳಿದರೆ ಅರಣ್ಯ ಇಲಾಖೆಯ ಪಾಸು ಕೇಳುತ್ತಾರೆ. ಅದರಲ್ಲೂ ಸಾಗುವಾನಿ, ಬೀಟೆ ಇದ್ದರೆ ಸುಮ್ನೆ ಬಿಡುವುದಿಲ್ಲ. ಹಳೆ ಮನೆಯದ್ದು ಅಂತ ಬಾಯಲ್ಲಿ ಹೇಳಿದರೆ ಚೆಕ್‌ಪೋಸ್ಟಿನವರು ನಂಬಬೇಕಾ? ಮನೆ ಬಿಚ್ಚುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ, ಮನೆ ಕಂದಾಯದ ರಸೀದಿ, ನಿಂತ ಮನೆಯ ಫೋಟೋ, ಅಳತೆ ಪಟ್ಟಿ ಕೊಟ್ಟು, ಅವರು ಬಂದು ನೋಡಿಹೋಗುವಂತೆ ಮಾಡುವುದು ಒಳ್ಳೆಯದು. ಸೀಮೆಸುಣ್ಣದ ನಂಬರು ಇಲ್ಲೂ ಉಪಯೋಗಕ್ಕೆ ಬಂತು.

ಅಮೆರಿಕದ ಮಗಳು ಫೋನ್ ಮಾಡಿ, ಬೀಟೆ ಕಂಬದಲ್ಲಿ ತನಗೊಂದು ಪುಟ್ಟ ಮೇಜು ಮಾಡಿಸಿ ಕಳಿಸಿ ಅಂದರು. ಬೇಡ ಅಂತ ಹೇಳಬೇಕಾಯಿತು. ಬೀಟೆ ಸೇರಿದ ಡಾಲ್ಬರ್ಜಿಯಾ ಜಾತಿಯ ಹೆಚ್ಚುಕಡಿಮೆ ಎಲ್ಲ ಮರಗಳೂ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನಂಚಿನ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಅಂಕೆ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಪಟ್ಟಿಯಲ್ಲಿವೆ. ದೇಶ ದಾಟಿಸಲು ಕಾಗದಪತ್ರ ಬೇಕು. ಸಣ್ಣಪುಟ್ಟ ತಯಾರಾದ ವಸ್ತುಗಳಿಗೆ ರಿಯಾಯಿತಿ ಇದೆ, ಮೇಜಿಗೆ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಕಂಬ ಎರಡೂ ಕಂಬವಾಗಿಯೇ ಹೊಸ ಮನೆಯ ಜಗಲಿಗೆ ಹೋದವು. ನನ್ನನ್ನು ಕೇಳಿದರೆ ಬೀಟೆ ಕಂಬವನ್ನು ಕೊಯ್ಯುವುದೇ ಪಾಪ.

ಸಾಮಿಲ್‌ನವರ ಷರತ್ತು

ಹಳೆ ಮರ ತಂದಿದ್ದೇವೆ ಅಂದರೆ ಸಾಮಿಲ್‌ನವರ ಮುಖ ಚಿಕ್ಕದಾಗುತ್ತದೆ. ಕಾರಣ ಮೊಳೆ. ಬ್ಯಾಂಡ್‌ಸಾ ಮೆಷಿನ್ನಿನ ಗರಗಸದ ಪಟ್ಟಿಗೆ ಒಂದು ಮೊಳೆ ಸಿಕ್ಕರೂ ಹಲ್ಲು ಹೋಗುತ್ತದೆ, ಪಟ್ಟಿ ತುಂಡಾದರೆ ಅಪಾಯ ಬೇರೆ. ಹಾಗಾಗಿ ಷರತ್ತು ಹಾಕುತ್ತಾರೆ: ಮೊಳೆ ಸಿಕ್ಕರೆ ಪಟ್ಟಿಯ ದುಡ್ಡು ನಿಮ್ಮದು. ನ್ಯಾಯವಾದ ಷರತ್ತೇ.

ಜೋಡಣೆಯಲ್ಲಿ ಮೊಳೆ ಇಲ್ಲದ ಮನೆಯಲ್ಲಿ ಮೊಳೆ ಎಲ್ಲಿಂದ ಬಂತು ಅಂದರೆ, ಆಮೇಲೆ ಬದುಕಿದವರಿಂದ. ಕ್ಯಾಲೆಂಡರ್ ಮೊಳೆ, ಲಾಂದ್ರದ ಕೊಕ್ಕೆ, ತೊಟ್ಟಿಲು ಕಟ್ಟಿದ ಕೊಂಡಿ, ಸೊಳ್ಳೆ ಪರದೆಗೆ ಹೊಡೆದವು. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಕರೆಂಟ್ ಬಂದಾಗ ವೈರಿಂಗಿನವರು ಹೊಡೆದ ಸಣ್ಣ ಮೊಳೆಗಳು. ವಯರ್ ಕಿತ್ತು ಎಷ್ಟೋ ವರ್ಷ ಆಗಿದೆ, ತಲೆ ತುಕ್ಕು ಹಿಡಿದು ಉದುರಿದೆ, ಅರ್ಧ ಇಂಚು ಕಬ್ಬಿಣ ಒಳಗೇ ಇದೆ. ಕಣ್ಣಿಗೆ ಕಾಣುವುದಿಲ್ಲ. ಗೇಟಿನಲ್ಲಿ ಸೆಕ್ಯೂರಿಟಿಯವರು ಮೈ ಮೇಲೆ ಆಡಿಸುತ್ತಾರಲ್ಲ, ಅಂಥ ಮೆಟಲ್ ಡಿಟೆಕ್ಟರ್ ತಂದು ನಾಲ್ಕೂ ಮುಖದ ಮೇಲೆ ಆಡಿಸಿದೆವು. ಕೂಗಿದ ಕಡೆ ಸೀಮೆಸುಣ್ಣದ ಗುರುತು. ಸುತ್ತ ಉಳಿಯಿಂದ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಎಳೆಯುವುದು. ಮತ್ತಿಯಲ್ಲಿ ಮೊಳೆ ಬರುವುದೇ ಇಲ್ಲ, ತುಂಡಾಗುತ್ತದೆ. ಆಗ ಅದರ ಸುತ್ತ ಬೈರಿಗೆ ಹಾಕಿ ಮರದ ಸಮೇತ ತೆಗೆಯಬೇಕು.

ಕಬ್ಬಿಣ ತೆಗೆದ ಜಾಗದಲ್ಲಿ ನೀಲಿಗಪ್ಪು ಕಲೆ ಉಳಿಯುತ್ತದೆ. ಮರದೊಳಗಿನ ಒಗರಿಗೆ, ಅಂದರೆ ಟ್ಯಾನಿನ್‌ಗೆ, ತುಕ್ಕು ಸೇರಿ ಆಗುವ ಕಲೆ ಅದು. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದುದೂ ಹೀಗೇ. ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ಉಜ್ಜಿದರೆ ತಿಳಿಯಾಗುತ್ತದೆ. ನಾವು ಹಾಗೇ ಬಿಟ್ಟೆವು. ಹಳೆ ಮರ ಅಂತ ಆರಿಸಿಕೊಂಡು ಆಮೇಲೆ ಅದರ ಹಳೆತನವನ್ನೆಲ್ಲ ತೊಳೆದು ತೆಗೆಯುವುದು ನನಗೆ ಹಿಡಿಸದ ಕೆಲಸ.

ನಾಲ್ಕು ಅಡಿ ಮರ ಎರಡು ಅಡಿಗಿಂತ ಕಡಿಮೆ ಆಗುವ ಬಗೆ

ಈಗ ಪಟ್ಟಿಗೆ ಬರೋಣ. ದೊಡ್ಡ ಮಗನನ್ನು ಕೂರಿಸಿಕೊಂಡು ಒಂದು ತೊಲೆಯ ಲೆಕ್ಕ ಮಾಡಿ ತೋರಿಸಿದೆವು.

ಹನ್ನೆರಡು ಅಡಿ ಉದ್ದ, ಎಂಟಿಂಚು, ಆರಿಂಚು. ಗುಣಿಸಿ 144ರಿಂದ ಭಾಗಿಸಿದರೆ ನಾಲ್ಕು ಘನ ಅಡಿ. ಗೋಡೆಯೊಳಗಿದ್ದ ತುದಿ ಎರಡೂ ಕಡೆ ಒಂದೊಂದು ಅಡಿ ಹೋಯಿತು, ಉಳಿದದ್ದು ಹತ್ತಡಿ. ಮಸಿ, ಬಿರುಕು, ಬಾಚಿಯ ಏಟು ಎಲ್ಲ ಹೋಗಿ ಹೊಸ ಮೈ ಬರಬೇಕಾದರೆ ನಾಲ್ಕೂ ಕಡೆ ಅರ್ಧರ್ಧ ಇಂಚು ಹೋಗುತ್ತದೆ. ಉಳಿದದ್ದು ಏಳಿಂಚು, ಐದಿಂಚು. ಇದನ್ನು ಹಲಗೆ ಕೊಯ್ದು ಕೀಸಿ ಒಂದೂಕಾಲು ಇಂಚಿಗೆ ತಂದರೆ ಮೂರು ಹಲಗೆ ಸಿಗುತ್ತದೆ. ಮೂರನ್ನೂ ಕೂಡಿಸಿದರೆ 1.8 ಘನ ಅಡಿ. ಅರ್ಧಕ್ಕಿಂತ ಹೆಚ್ಚು ಮರ ಹೊಟ್ಟು, ಚಕ್ಕೆ, ಸೌದೆ ಆಯಿತು. ಅದನ್ನೇ ಮುಕ್ಕಾಲು ಇಂಚಿನ ಹಲಗೆ ಮಾಡಿ ವಾರ್ಡ್‌ರೋಬ್ ಮಾಡಿದರೆ? ಇನ್ನಷ್ಟು ಕೊಯ್ತ, ಇನ್ನಷ್ಟು ಹೊಟ್ಟು, ಪ್ರತಿ ಹಲಗೆಗೂ ಎರಡು ಮುಖ ಕೀಸುವ ಕೂಲಿ, ಒಳಗೆ ಅಡಗಿದ್ದ ಮೊಳೆ ಸಿಗುವ ಅವಕಾಶ ಇನ್ನಷ್ಟು. ಕೊನೆಗೆ ಬಟ್ಟೆಯ ಹಿಂದೆ ಕಾಣದ ಜಾಗದಲ್ಲಿ ಅರವತ್ತು ಎಪ್ಪತ್ತು ವರ್ಷಕ್ಕಿಂತಲೂ ಹಳೆಯ ಹಲಸು ಕೂತಿರುತ್ತದೆ.

"ಹಾಗಾದ್ರೆ ವಾರ್ಡ್‌ರೋಬ್‌ಗೆ ಏನು ಮಾಡೋದು?" ಅಂದರು.

"ಪ್ಲೈವುಡ್ ಹಾಕ್ಸಿ ಯಜಮಾನ್ರೇ. ಒಳ್ಳೇ ಪ್ಲೈವುಡ್ಡಿಗೆ ಏನಾಗಿದೆ?" ಅಂದರು ಆಚಾರ್ರು.

ಹಳೆ ಮರದ ಮೋಹದಲ್ಲಿ ಪ್ಲೈವುಡ್ ಬೈಯುವವರು ತುಂಬಾ ಜನ. ಅಗಲವಾದ, ತೆಳ್ಳಗಿನ, ಹಿಗ್ಗದ ಕುಗ್ಗದ ಹಲಗೆ ಬೇಕಾದ ಕಡೆ ಅದಕ್ಕಿಂತ ಒಳ್ಳೆಯದಿಲ್ಲ. ಟಿವಿ ಯೂನಿಟ್ಟೂ ಅದರಲ್ಲೇ ಆಯಿತು. ಎರಡು ಮಂಚದಲ್ಲಿ ಒಂದಕ್ಕೆ ಸಾಕಾಗುವಷ್ಟು ಪಕಾಸಿ ಚೆನ್ನಾಗಿತ್ತು, ಹಾಗಾಗಿ ಒಂದೇ ಮಂಚ. ಅಟ್ಟದ ಹಲಗೆಗಳಲ್ಲಿ ಅಗಲವಾದ ಒಂದು ಉಯ್ಯಾಲೆ ಮಣೆಗೆ, ಉದ್ದನೆಯವು ಬೆಂಚುಗಳಿಗೆ. ಇವಕ್ಕೆಲ್ಲ ಉದ್ದಕ್ಕೆ ಕೊಯ್ಯುವ ಕೆಲಸವೇ ಇಲ್ಲ. ತುದಿ ಕತ್ತರಿಸಿ, ಮೈ ಕೀಸಿದರೆ ಆಯಿತು.

ಹೊಸ್ತಿಲು

ಬೆಂಚಿನ ಮಾತು ಬಂದಾಗ ಒಂದು ತಕರಾರು ಎದ್ದಿತು. ಮುಂಬಾಗಿಲ ಹೊಸ್ತಿಲು ನಾಲ್ಕಡಿ ಉದ್ದದ ದಪ್ಪ ಹಲಸು, ಕೆಲಸಕ್ಕೆ ಅನುಕೂಲವಾದ ಅಳತೆ. ಕಾಲು ಕೂರಿಸಿದರೆ ಬೆಂಗಳೂರಿನ ಮನೆಗೆ ಒಂದು ಪುಟ್ಟ ಬೆಂಚು ತಯಾರು ಅಂತ ಚಿಕ್ಕ ಮಗ ಹೇಳಿದ್ದರು. ಅಮ್ಮ ಕೇಳಿಸಿಕೊಂಡರು.

"ಹೊಸ್ತಿಲ ಮೇಲೆ ಕೂರಬಾರದು ಅಂತ ನಿಮಗೆಲ್ಲ ಬೈದು ಬೈದು ಬೆಳೆಸಿದ್ದೇನೆ. ಈಗ ಅದನ್ನೇ ಕೂರೋದಕ್ಕೆ ಬೆಂಚು ಮಾಡ್ತೀಯೇನೋ?"

ಮಗ ನಕ್ಕರು, ವಾದ ಮಾಡಲಿಲ್ಲ. ಆ ಹೊಸ್ತಿಲ ಮೇಲೆ ದಿನಾ ರಂಗೋಲಿ ಎಳೆದ ಜಾಗ ಬಿಳಿಚಿಕೊಂಡಿತ್ತು, ಅರಿಶಿನ ಕುಂಕುಮ ಸಂದಿಗೆ ಇಳಿದಿತ್ತು. ಇಂಥದ್ದಕ್ಕೆಲ್ಲ ನಮ್ಮ ಉಳಿ ಸುತ್ತಿಗೆ ದೂರ ಇರುವುದೇ ಒಳ್ಳೆಯದು. ಹೊಸ ಮನೆಯ ದೇವರ ಕೋಣೆ ಬಾಗಿಲಿಗೆ ಅದೇ ಹೊಸ್ತಿಲನ್ನು, ಎರಡು ತುದಿ ಮಾತ್ರ ಕತ್ತರಿಸಿ, ಕೂರಿಸಿದೆವು. ಹಳೆ ಮನೆಯ ಮರದ ಕೆಲಸ ಹಿಡಿಯುವವರು ಅಳತೆ ಪಟ್ಟಿಯ ಜೊತೆ ಮನೆಯ ಹಿರಿಯರ ಹತ್ತಿರ ಯಾವುದನ್ನು ಮುಟ್ಟಬಾರದು ಅಂತಲೂ ಕೇಳಿಕೊಳ್ಳಬೇಕು, ಕೊಯ್ಯುವ ಮೊದಲು.

ಮೇಜು

ಮೇಜಿಗೆ ನಾಲ್ಕು ಹಲಸಿನ ತೊಲೆಯಲ್ಲಿ ಎರಡು ಸಾಕು ಅಂತ ಅಳೆದಾಗಲೇ ಗೊತ್ತಾಯಿತು. ಹತ್ತಡಿ ತೊಲೆಯನ್ನು ಮೊದಲು ಅಡ್ಡಕ್ಕೆ ಕತ್ತರಿಸಿದೆವು: ಏಳಡಿ ಒಂದು ತುಂಡು, ಮೂರಡಿ ಒಂದು ತುಂಡು. ಏಳಡಿಯದು ಹಲಗೆಗೆ. ಮೂರಡಿಯದನ್ನು ಹಲಗೆ ಕೊಯ್ಯದೆ, ನಡುವೆ ಒಂದೇ ಸಲ ಸೀಳಿದರೆ ಎರಡು ದಪ್ಪ ಕಾಲು. ಎರಡು ತೊಲೆಗೆ ನಾಲ್ಕು ಕಾಲು. ಹಲಗೆ ಒಟ್ಟು ಆರು. ಐದನ್ನು ಜೋಡಿಸಿದರೆ ಮೂರಡಿಗೆ ಒಂದಿಂಚು ಕಡಿಮೆ ಅಗಲ. ಏಳಡಿ ಉದ್ದಕ್ಕೆ ಆ ಕಡೆ ಮೂವರು, ಈ ಕಡೆ ಮೂವರು, ತುದಿಗೊಬ್ಬೊಬ್ಬರು, ಎಂಟು ಜನ ಆಯಿತು. ಆರನೇ ಹಲಗೆ ಸೀಳಿ ಹಲಗೆಯಡಿಯ ಉದ್ದ ಪಟ್ಟಿಗಳು. ಅಗಲದ ಕಡೆಯ ಎರಡು ಪಟ್ಟಿ ಮಾತ್ರ ನಂದಿ ಜಂತೆಯಿಂದ ಬಂತು.

ಹಲಸು ಕೀಸುವಾಗ ನೋಡಬೇಕು. ಮೇಲೆ ಕಪ್ಪು, ಒಂದು ಸುತ್ತು ಕೀಸುಳಿ ಓಡಿದರೆ ಕಂದು, ಇನ್ನೊಂದು ಸುತ್ತಿಗೆ ಒಮ್ಮೆಲೇ ಅರಿಶಿನದಂಥ ಹಳದಿ. ಇಷ್ಟು ವರ್ಷ ಆದರೂ ಒಳಗಿನ ಬಣ್ಣ ಹೋಗಿರಲಿಲ್ಲ. ಮನೆಯವರು ಬಂದು ನೋಡಿ ಗಾಬರಿಯಾದರು, ಇಷ್ಟು ಹಳದಿ ಮೇಜು ಬೇಡ, ಕಂದು ಪಾಲಿಶ್ ಹಾಕಿ ಅಂದರು. ಹಾಕಲಿಲ್ಲ. ಬೆಳಕಿಗೆ ಒಡ್ಡಿದರೆ ಹಲಸು ತಾನೇ ಕಂದಾಗುತ್ತ ಹೋಗುತ್ತದೆ. ಮೇಲೆ ಬಣ್ಣ ಕೊಟ್ಟರೆ ಕೆಲವೇ ವರ್ಷದಲ್ಲಿ ಬೇಕಾದ್ದಕ್ಕಿಂತ ಕಪ್ಪಾಗಿರುತ್ತದೆ.

ಆ ಚೌಕ ತೂತು ಇದ್ದ ಮೂರನೇ ನಂಬರ್ ತೊಲೆಯನ್ನು ಬೇಕಂತಲೇ ಆರಿಸಿಕೊಂಡಿದ್ದೆವು. ಅದು ಮೇಜಿನಲ್ಲಿ ಕಾಣಬೇಕು ಅನ್ನುವುದು ದೊಡ್ಡ ಮಗನ ಆಸೆ. ಆದರೆ ತೂತು ತೂತಾಗಿಯೇ ಇದ್ದರೆ ಅನ್ನದ ಅಗುಳು, ಸಾರು ಎಲ್ಲ ಅದರೊಳಗೆ ಇಳಿಯುತ್ತದೆ ಅಂತ ಸೊಸೆ ಹೇಳಿದರು. ದಿನಾ ಒರೆಸುವವರು ಅವರು, ಹಾಗಾಗಿ ಆ ಮಾತಿಗೇ ತೂಕ. ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ಸುರಿದು ಗಾಜಿನ ಹಾಗೆ ಮಾಡುವ ಫೋಟೋ ಚಿಕ್ಕ ಮಗ ಕಳಿಸಿದರು. ನನಗೆ ಅದು ಒಪ್ಪಲಿಲ್ಲ. ಮರ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಎಪಾಕ್ಸಿ ಅದರ ಜೊತೆ ಆಡುವುದಿಲ್ಲ. ವರ್ಷಗಳ ಮೇಲೆ ಅಂಚಿನಲ್ಲಿ ಬಿಡುವ ಸಾಧ್ಯತೆ ಇರುತ್ತದೆ. ಅದೇ ತೊಲೆಯ ತುಂಡೊಂದನ್ನು ಎಳೆ ಹಲಗೆಯ ಎಳೆಯ ದಿಕ್ಕಿಗೇ ಬರುವಂತೆ ಕೂದಲೆಳೆಯಷ್ಟೂ ಸಂದಿ ಇಲ್ಲದೆ ಕೆತ್ತಿ ಕೂರಿಸಿದರು ಆಚಾರ್ರು. ಎಳೆ ಒಂದೇ ದಿಕ್ಕಿಗೆ ಇದ್ದರೆ ಎರಡೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ಕೈ ಆಡಿಸಿದರೆ ಗೊತ್ತಾಗುವುದಿಲ್ಲ, ಕಣ್ಣಿಗೆ ಚೌಕದ ಗೆರೆ ಕಾಣುತ್ತದೆ. ಎಲ್ಲರಿಗೂ ಒಪ್ಪಿಗೆಯಾಯಿತು.

ಅಂಟು ಹಾಕುವ ಕೆಲಸವನ್ನು ಮಳೆಗಾಲದಲ್ಲಿ ಮಾಡಲಿಲ್ಲ. ಏಪ್ರಿಲ್‌ನಲ್ಲಿ ಹನ್ನೆರಡು ತೋರಿಸಿದ್ದ ಮರ ಜುಲೈನಲ್ಲಿ ಹದಿನೇಳಕ್ಕೆ ಹೋಗಿತ್ತು. ಆಗ ಜೋಡಿಸಿದರೆ ಹಿಗ್ಗಿದ ಮರವನ್ನು ಜೋಡಿಸಿದಂತೆ. ದಸರೆ ಕಳೆದು, ಬಿಸಿಲು ಬಂದು, ಮೀಟರ್ ಇಳಿದ ಮೇಲೆ ಮಾಡಿದೆವು. ಅಂಚುಗಳನ್ನು ಅವತ್ತೇ ಕೀಸಿ ಅವತ್ತೇ ಅಂಟಿಸಿದೆವು. ಹೊಗೆ, ಎಣ್ಣೆ ಕುಡಿದ ಹಳೆ ಮೈಗೆ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ, ಹೊಸ ಮೈಯೇ ಬೇಕು.

ಮೇಜಿನ ಹಲಗೆಯನ್ನು ಕಾಲಿನ ಚೌಕಟ್ಟಿಗೆ ಗಟ್ಟಿಯಾಗಿ ಸ್ಕ್ರೂ ಬಿಗಿದು ಬಿಡುವುದು ತುಂಬಾ ಕಡೆ ನೋಡುತ್ತೇನೆ. ಮೂರಡಿ ಅಗಲದ ಹಲಗೆ ವರ್ಷದಲ್ಲಿ ಅರ್ಧ ಸೆಂಟಿಮೀಟರ್‌ನಿಂದ ಒಂದು ಸೆಂಟಿಮೀಟರ್‌ವರೆಗೆ ಆಡಬಹುದು, ಅದೂ ಅಗಲಕ್ಕೆ ಮಾತ್ರ. ಉದ್ದಕ್ಕೆ ಆಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅದಕ್ಕೆ ಜಾಗ ಕೊಡದಿದ್ದರೆ ಎಲ್ಲೋ ಒಂದು ಕಡೆ ಸೀಳುತ್ತದೆ. ಉದ್ದನೆ ತೂತಿನ ಕಬ್ಬಿಣದ ಪಟ್ಟಿ ಹಾಕಿ, ಸ್ಕ್ರೂ ಆ ತೂತಿನೊಳಗೆ ಸರಿದಾಡುವಂತೆ ಬಿಗಿದೆವು. ಇನ್ನೊಂದು ಲಾಭ: ಹಲಗೆಯೊಂದೇ ನಲವತ್ತು ಕಿಲೋ ಹತ್ತಿರ ತೂಗುತ್ತದೆ, ಸಾಗಿಸುವಾಗ ಬಿಚ್ಚಿ ಒಯ್ಯಬಹುದು. ಬೆಂಗಳೂರಿಗೆ ಹೋಗುವ ಮಂಚವನ್ನೂ ಬಿಚ್ಚಿ ಜೋಡಿಸುವಂತೆಯೇ ಮಾಡಿದೆವು. ಮಂಚದ ಉದ್ದ ಪಟ್ಟಿ ಒಳಗೆ ಹಿಡಿಸುತ್ತದಾ ಅಂತ ಅಪಾರ್ಟ್‌ಮೆಂಟಿನ ಲಿಫ್ಟ್ ಅಳತೆ ಮೊದಲೇ ತರಿಸಿಕೊಂಡಿದ್ದೆವು.

ಬಣ್ಣ, ಗೇರೆಣ್ಣೆ, ಪಾಲಿಶ್

ಇದರಲ್ಲಿ ಎರಡು ವಿಷಯ ಮಾತ್ರ ಒತ್ತಿ ಹೇಳಬೇಕು. ಒಂದು, ಹಳೆ ಬಾಗಿಲು ಕಿಟಕಿಗಳ ಎನಾಮೆಲ್ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ತೊಂಬತ್ತು ಪಾಲು, ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕಿಂತ ಹಿಂದಿನ ಬಣ್ಣ ಅಂದರೆ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಬೇಕು. ಒಣಗಿದ್ದಾಗ ಉಪ್ಪುಕಾಗದ ಹಾಕಿ ಉಜ್ಜಿ ಧೂಳು ಎಬ್ಬಿಸಬಾರದು. ಪೇಂಟ್ ರಿಮೂವರ್ ಬಳಿದು, ಮೆತ್ತಗಾದ ಮೇಲೆ ಕೆರೆದು, ಕೆರೆದದ್ದನ್ನು ಪೇಪರಿನಲ್ಲಿ ಸುತ್ತಿ ತೆಗೆಯಬೇಕು. ಮಕ್ಕಳು ಹತ್ತಿರ ಸುಳಿಯಬಾರದು.

ಎರಡು, ಗೇರೆಣ್ಣೆ. ಗೆದ್ದಲು ಬಾರದಿರಲಿ ಅಂತ ಪಕಾಸಿ, ಜಂತೆಗೆಲ್ಲ ಬಳಿದಿದ್ದರು. ಒಳ್ಳೆಯ ಪದ್ಧತಿಯೇ. ಆದರೆ ಗೇರುಬೀಜದ ಸಿಪ್ಪೆಯ ಆ ಎಣ್ಣೆ ಮೈಗೆ ಸುಡುತ್ತದೆ, ಕೆಲವರಿಗೆ ಅದರ ಧೂಳು ತಾಗಿದರೂ ತುರಿಕೆ, ಬೊಬ್ಬೆ. ಕೈಗವಸು, ಮಾಸ್ಕ್ ಹಾಕಿ ಉಳಿಯಿಂದ ಕೆರೆದು ತೆಗೆದೆವು. ಮೆಷಿನ್ ಹಾಕಿದರೆ ಬಿಸಿಗೆ ಕರಗಿ ಉಪ್ಪುಕಾಗದ ಅಂಟಂಟಾಗಿ ಹಾಳಾಗುತ್ತದೆ.

ಪಾಲಿಶ್ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಊಟದ ಮೇಜಿಗೆ ಹೊಳಪಿಲ್ಲದ ಪಿಯು, ಅಂದರೆ ಪಾಲಿಯುರಿಥೇನ್ ಪಾಲಿಶ್. ಅರಗಿನ ಪಾಲಿಶ್ ನೋಡಲು ಚೆಂದ, ಬಿಸಿ ಪಾತ್ರೆ ಇಟ್ಟರೆ ಬಿಳಿ ಚಕ್ರ ಬೀಳುತ್ತದೆ. ಬೆಂಚು, ಉಯ್ಯಾಲೆ, ಮಂಚಕ್ಕೆ ಅಗಸೆ ಎಣ್ಣೆ, ಮೇಲೆ ಜೇನುಮೇಣ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಖರ್ಚು, ಮತ್ತು ಆಮೇಲೆ

ಮೇಜಿನ ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲು ಕೂಲಿ. ಆ ಕೂಲಿಯಲ್ಲಿ ದೊಡ್ಡ ಭಾಗ ಮೇಜು ಮಾಡಿದ್ದಕ್ಕಲ್ಲ. ಬಿಚ್ಚಿದ್ದಕ್ಕೆ, ಮೊಳೆ ತೆಗೆದದ್ದಕ್ಕೆ, ಕೆರೆದದ್ದಕ್ಕೆ. ಒಟ್ಟಾರೆ ಹೊಸ ಸಾಗುವಾನಿ ಮೇಜಿಗಿಂತ ಕಡಿಮೆ ಬಿತ್ತು. ಅಂಗಡಿಯಲ್ಲಿ ಸಿಗುವ ರಬ್ಬರ್‌ವುಡ್ ಮೇಜಿನ ಎರಡರಷ್ಟಕ್ಕಿಂತ ಜಾಸ್ತಿ. ದುಡ್ಡು ಉಳಿಸುವುದಕ್ಕೆ ಅಂತ ಯಾರಾದರೂ ಈ ಕೆಲಸಕ್ಕೆ ಬಂದರೆ ನಾನು ಮೊದಲೇ ಹೇಳಿ ಕಳಿಸುತ್ತೇನೆ. ಬೆಂಚು ಮತ್ತು ಉಯ್ಯಾಲೆಯ ಲೆಕ್ಕ ಬೇರೆ. ಕೊಯ್ತವೇ ಇಲ್ಲದ್ದರಿಂದ ಅವು ಅಗ್ಗಕ್ಕೇ ಆದವು. ಅಷ್ಟು ದಪ್ಪದ ಹಲಸಿನ ಹಲಗೆ ಈಗ ಹೊಸದಾಗಿ ಕೊಳ್ಳಲು ಹೋದರೆ ಸಿಗುವುದೂ ಕಷ್ಟ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಹೋಗಿ ನೋಡಿದೆವು. ಮೇಜಿನ ಹಲಗೆ ಎಲ್ಲೂ ಬಿಟ್ಟಿರಲಿಲ್ಲ, ಅಡಿಯ ಸ್ಕ್ರೂ ತೂತಿನೊಳಗೆ ಸರಿದ ಗುರುತು ಕಾಣುತ್ತಿತ್ತು. ಹಳದಿ ಇಳಿದು ಜೇನಿನ ಬಣ್ಣಕ್ಕೆ ಬಂದಿದೆ. ಬೆಂಗಳೂರಿನ ಮಂಚದಲ್ಲಿ ಮಾತ್ರ ತಲೆಕಡೆ ಪಟ್ಟಿಯ ಹಳೆ ಬಿರುಕೊಂದು ಮಾರ್ಚ್‌ನಲ್ಲಿ ಸ್ವಲ್ಪ ಬಾಯಿ ಬಿಟ್ಟಿತು. ಅಲ್ಲಿಯ ಒಣ ಹವೆಗೆ ಇದು ನಿರೀಕ್ಷಿಸಿದ್ದೇ. ಅಂಟು ತುಂಬುವುದು ಬೇಡ, ಮಳೆಗೆ ಮತ್ತೆ ಮುಚ್ಚಿಕೊಳ್ಳುತ್ತಾ ನೋಡೋಣ ಅಂತ ಹೇಳಿದೆವು. ಜೂನ್ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಮುಚ್ಚಿತ್ತು.

ಉಳಿದ ಎರಡು ಹಲಸಿನ ತೊಲೆ ಕೊಟ್ಟಿಗೆಯಲ್ಲಿ ಇಟ್ಟಿಗೆ ಮೇಲೆ, ನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಮಲಗಿಸಿದ್ದೇವೆ. ತುದಿಗೆ ಬಣ್ಣ ಬಳಿದಿದೆ, ಗೆದ್ದಲು ಹತ್ತಿದೆಯಾ ಅಂತ ದೊಡ್ಡ ಮಗ ಆಗಾಗ ಟಾರ್ಚ್ ಹಾಕಿ ನೋಡುತ್ತಾರೆ. ಚಿಕ್ಕ ಮಗ ಅದರಲ್ಲಿ ಆಫೀಸ್ ಕೆಲಸಕ್ಕೊಂದು ಮೇಜು ಬೇಕು ಅಂತ ಮೊನ್ನೆ ಮತ್ತೆ ಫೋಟೋ ಕಳಿಸಿದ್ದಾರೆ. ಫೋಟೋ ಬೇಡ, ಮೇಜು ಇಡುವ ಗೋಡೆಯ ಅಳತೆ ಕಳಿಸಿ ಅಂದಿದ್ದೇವೆ.